ಎರಡು ದಿನದ ಸಿಹಿ, ಮೂವತ್ತನಾಲ್ಕು ವರ್ಷದ ತಪ್ಪು ತಾರೀಖು: ಇಸೆಯ ಅಕಾಫುಕು ಪ್ರಕರಣ

2007ರ ಅಕ್ಟೋಬರ್ 12ರಂದು ಜಪಾನಿನ ಕೃಷಿ ಸಚಿವಾಲಯ ದೇಶದ ಅತಿ ಹೆಸರಾಂತ ಸಿಹಿ ಅಂಗಡಿಗಳಲ್ಲೊಂದರ ಲೆಕ್ಕವನ್ನು ಬಯಲಿಗಿಟ್ಟಿತು. ಇಸೆ ಪಟ್ಟಣದ ಅಕಾಫುಕು ಕಂಪನಿ 2004ರ ಸೆಪ್ಟೆಂಬರ್ 1ರಿಂದ 2007ರ ಆಗಸ್ಟ್ 31ರವರೆಗೆ, ಅಂದರೆ ಮೂರು ವರ್ಷಗಳಲ್ಲಿ, ತನ್ನದೇ ಹೆಸರಿನ ಸಿಹಿಯ (ಹೂರಣ ಹೊದಿಸಿದ ಅಂಟಕ್ಕಿ ಉಂಡೆ) 60,54,459 ಪೆಟ್ಟಿಗೆಗಳನ್ನು ತಪ್ಪು ತಯಾರಿಕಾ ದಿನಾಂಕ ಒತ್ತಿ ಮಾರಿತ್ತು. ಆ ಅವಧಿಯ ಒಟ್ಟು ಸರಕಿನಲ್ಲಿ ಇದು ಶೇಕಡಾ 18. ಒಂದೇ ವಾರದಲ್ಲಿ ವಿಷಯ ಇನ್ನೂ ಆಳಕ್ಕಿಳಿದು, ಮಿಎ ಪ್ರಾಂತ್ಯದ ಆರೋಗ್ಯಾಧಿಕಾರಿಗಳು ಅಕ್ಟೋಬರ್ 19ರಂದು ಅನಿರ್ದಿಷ್ಟ ಅವಧಿಗೆ ವ್ಯಾಪಾರ ನಿಷೇಧಿಸಿದರು. 1707ರಲ್ಲಿ ಶುರುವಾಗಿ, ಆ ವರ್ಷಕ್ಕೆ ಸರಿಯಾಗಿ ಮುನ್ನೂರು ವರ್ಷ ತುಂಬಿದ್ದ ಅಂಗಡಿ ಅದು.

ಪತ್ರಿಕೆಗಳು ಇದನ್ನು ಮೋಸದ ಕಥೆಯಾಗಿ ಬರೆದವು, ಅದು ಸರಿಯೇ. ಆದರೆ ಸಿಹಿ ಮಾಡುವವರು, ಮಾರುವವರು ಇದನ್ನು ಬೇರೆ ಕಡೆಯಿಂದ ನೋಡಬೇಕು. ಎರಡು ದಿನಕ್ಕಿಂತ ಹೆಚ್ಚು ಇರಲಾರದ ಒಂದು ತಿನಿಸನ್ನು ಎಷ್ಟು ದೊಡ್ಡ ಪೇಟೆಗೆ ಮಾರಬಹುದು? ಆ ಮಿತಿಯನ್ನು ಅಂಟಕ್ಕಿ ಮತ್ತು ಹೂರಣ ನಿರ್ಧರಿಸುತ್ತವೆ. ಅಕಾಫುಕು ಆ ಮಿತಿಯನ್ನು ದಾಟಿ ಬೆಳೆಯಿತು, ದಾಟಿದ್ದಷ್ಟನ್ನೂ ತಾರೀಖಿನ ಮುದ್ರೆಯಲ್ಲಿ ಮುಚ್ಚಿಟ್ಟಿತು.

ಊರು, ಯಾತ್ರೆ, ಅಂಗಡಿ

ಇಸೆಯಲ್ಲಿರುವುದು ಜಪಾನಿನ ಅತ್ಯುನ್ನತ ಶಿಂಟೊ ದೇವಸ್ಥಾನ. ಒಳ ದೇವಾಲಯದ ಮುಂದೆ ಇಸುಜು ನದಿ ಹರಿಯುತ್ತದೆ. ಯೆದೊ ಕಾಲದಲ್ಲಿ (1603ರಿಂದ 1868) ದೇಶದ ಮೂಲೆಮೂಲೆಯಿಂದ ಜನ ಇಲ್ಲಿಗೆ ಕಾಲ್ನಡಿಗೆಯಲ್ಲಿ ಬರುತ್ತಿದ್ದರು. 1705, 1771, 1830ರಲ್ಲಂತೂ ಜನಸಾಗರವೇ ಹರಿದು ಬಂತು. 1705ರ ಮಹಾಯಾತ್ರೆಯಾಗಿ ಎರಡೇ ವರ್ಷಕ್ಕೆ ನದಿಯ ದಡದಲ್ಲಿ ಅಕಾಫುಕು ಬಾಗಿಲು ತೆರೆಯಿತು. ಮಾರಿದ್ದು ಒಂದೇ ತಿನಿಸು: ಮೆತ್ತನೆಯ ಬಿಳಿ ಮೋಚಿಯ (ಬೇಯಿಸಿ ಕುಟ್ಟಿದ ಅಂಟಕ್ಕಿ) ಉಂಡೆ, ಅದರ ಮೇಲೆ ನುಣುಪಾದ ಅಜುಕಿ ಕಾಳಿನ ಹೂರಣ. ಹೂರಣದ ಮೇಲೆ ಬೆರಳಿನಿಂದ ಮೂಡಿಸಿದ ಮೂರು ಏಣುಗಳು ಇಸುಜು ನದಿಯ ಅಲೆ. ಅಡಿಯಲ್ಲಿರುವ ಬಿಳಿ ಮೋಚಿ ನದಿಯ ತಳದ ಬೆಣಚುಕಲ್ಲು. ಅಂಗಡಿಯ ಈಗಿನ ಮುಖ್ಯ ಕಟ್ಟಡ 1877ರದು. ಒಳಗೆ ಕೆಂಪು ಬಣ್ಣದ ದೊಡ್ಡ ಒಲೆಯ ಮೇಲೆ ಚಹಾದ ನೀರು ಕುದಿಯುತ್ತಿರುತ್ತದೆ, ಸಾಲಾಗಿ ಕೂತ ಹೆಂಗಸರು ಕೈಯಲ್ಲೇ ಮೋಚಿಗೆ ಹೂರಣ ಹೊದಿಸುತ್ತಾರೆ. ಹೊದಿಸಿದ್ದು ನಿಮಿಷಗಳಲ್ಲಿ ಗಿರಾಕಿಯ ತಟ್ಟೆಗೆ ಬರುತ್ತದೆ. ಈ ತಿನಿಸಿನ ನಿಜವಾದ ಜಾಗ ಅದೇ.

ಪದಾರ್ಥದ ವಿಷಯದಲ್ಲಿ ಅಂಗಡಿ ತೀರಾ ಬಿಗಿಯಾಗಿತ್ತು ಎನ್ನುವುದನ್ನೂ ಹೇಳಲೇಬೇಕು, ಇಲ್ಲದಿದ್ದರೆ ಪ್ರಕರಣ ಅರ್ಥವಾಗುವುದಿಲ್ಲ. 1911ರಲ್ಲಿ ಸಾಮ್ರಾಜ್ಞಿ ಶೋಕೆನ್ ಇಸೆಗೆ ಬಂದು ಅಕಾಫುಕು ತರಿಸಿದಾಗ, ಆವರೆಗೆ ಬಳಸುತ್ತಿದ್ದ ಕಪ್ಪುಸಕ್ಕರೆಯ ರುಚಿ ಹೆಚ್ಚು ಗಾಢವಾದೀತೆಂದು ಬಿಳಿ ಸಕ್ಕರೆಯ ಹೂರಣ ಮಾಡಿ ಕೊಟ್ಟರು. ಮುಂದೆ ಅದೇ ಅಂಗಡಿಯ ರೂಢಿಯ ರುಚಿಯಾಯಿತು. ಯುದ್ಧಕಾಲದಲ್ಲಿ ಸಾಮಗ್ರಿ ಸಿಗದಾದಾಗ ಕಲಬೆರಕೆ ಮಾಡಲಿಲ್ಲ, 1944ರಲ್ಲಿ ಅಂಗಡಿಯನ್ನೇ ಮುಚ್ಚಿ 1949ರಲ್ಲಿ ಮತ್ತೆ ತೆರೆದರು. 1993ರಲ್ಲಿ ಸುಮಾರು 1,400 ಕೋಟಿ ಯೆನ್ ಸುರಿದು ಅಂಗಡಿಯ ಎದುರಿಗೆ ಒಕಾಗೆ ಯೊಕೊಚೊ ಎಂಬ ಹಳೆಯ ಮಾದರಿಯ ಪೇಟೆಬೀದಿ ಕಟ್ಟಿ, ಸೊರಗಿದ್ದ ದೇವಸ್ಥಾನದ ರಸ್ತೆಗೆ ಜೀವ ತುಂಬಿದ್ದೂ ಇದೇ ಕಂಪನಿ. ಸಾಮಗ್ರಿ ಸಿಗದಿದ್ದರೆ ಬಾಗಿಲು ಹಾಕುವ ಮನೆತನ, ತಾರೀಖಿನ ವಿಷಯಕ್ಕೆ ಬಂದಾಗ ಯಾಕೆ ಜಾರಿತು?

ಹೂರಣದ ಲೆಕ್ಕ

ಅಜುಕಿ ನಮ್ಮ ಹೆಸರು, ಉದ್ದು, ಅಲಸಂದೆಗಳ ಕುಲದ್ದೇ ಕಾಳು. ಜಪಾನಿನಲ್ಲಿ ಹೆಚ್ಚಿನದು ಉತ್ತರದ ಹೊಕ್ಕೈದೊ ದ್ವೀಪದಲ್ಲಿ ಬೆಳೆಯುತ್ತದೆ. ನುಣುಪು ಹೂರಣ ಮಾಡುವ ಕ್ರಮ ಎಲ್ಲ ಸಿಹಿ ಅಂಗಡಿಗಳಲ್ಲೂ ಹೆಚ್ಚುಕಡಿಮೆ ಒಂದೇ. ಕಾಳು ತೊಳೆದು ಕುದಿಸುತ್ತಾರೆ. ಮೊದಲ ನೀರು ಕೆಂಪಗಾಗಿ ಒಗರು ಬಿಟ್ಟಾಗ ಬಸಿದು ಹೊಸ ನೀರು ಹಾಕುತ್ತಾರೆ. ಬಸಿಯುವುದು ಕಡಿಮೆಯಾದರೆ ಹೂರಣ ಗಂಟಲಲ್ಲಿ ಒಗರೊಗರಾಗಿ ನಿಲ್ಲುತ್ತದೆ; ಹೆಚ್ಚಾದರೆ ಬಣ್ಣ ಪೇಲವವಾಗಿ ಅಜುಕಿಯ ವಾಸನೆಯೇ ಹೋಗುತ್ತದೆ. ಆಮೇಲೆ ಸಣ್ಣ ಉರಿ. ಎರಡು ಬೆರಳಿನ ನಡುವೆ ಒತ್ತಿದರೆ ಕಾಳಿನ ನಡುಭಾಗವೂ ಒಂದೇ ಸಮ ಹಿಸುಕಿಹೋಗಬೇಕು. ಈ ಹಂತಕ್ಕೆ ಮುಂಚೆ ಸಕ್ಕರೆ ಹಾಕಿದರೆ ಕಾಳು ಬಿರುಸಾಗಿ ನಿಂತುಬಿಡುತ್ತದೆ, ಮತ್ತೆಷ್ಟು ಕುದಿಸಿದರೂ ಪ್ರಯೋಜನವಿಲ್ಲ.

ಬೆಂದ ಕಾಳನ್ನು ಜರಡಿಯ ಮೇಲೆ ಉಜ್ಜಿ ಸಿಪ್ಪೆ ಬೇರೆ ಮಾಡುತ್ತಾರೆ. ಕೆಳಗೆ ಇಳಿದದ್ದನ್ನು ನೀರಿನಲ್ಲಿ ಕಲಕಿ, ಹೂರಣ ತಳಕ್ಕಿಳಿದ ಮೇಲೆ ಮೇಲಿನ ತಿಳಿನೀರು ಚೆಲ್ಲುತ್ತಾರೆ. ಹೀಗೆ ಎರಡು ಮೂರು ಸಲ. ಕೊನೆಗೆ ಬಟ್ಟೆಯಲ್ಲಿ ಕಟ್ಟಿ ಹಿಂಡಿದರೆ ಉಳಿಯುವುದು ಹಸಿ ಹೂರಣ. ಅದರಲ್ಲಿ ಶೇಕಡಾ 60ಕ್ಕಿಂತ ಹೆಚ್ಚು ನೀರೇ ಇರುವುದರಿಂದ ಬೇಸಿಗೆಯಲ್ಲಿ ಬೇಗ ಹುಳಿಯುತ್ತದೆ, ಹಾಗಾಗಿ ತಕ್ಷಣ ಬೇಯಿಸಿಬಿಡಬೇಕು. ಇಲ್ಲಿ ಮಿಕ್ಸಿಗೆ ಹಾಕುವ ಆಸೆ ಬೇಡ. ಬೆಂದ ಅಜುಕಿಯಲ್ಲಿ ಪಿಷ್ಟ ಪುಟ್ಟಪುಟ್ಟ ಜೀವಕೋಶಗಳೊಳಗೆ ಗಟ್ಟಿಯಾಗಿ ಮುಚ್ಚಿಕೊಂಡಿರುತ್ತದೆ, ನಾಲಿಗೆಗೆ ಸಿಗುವ ನುಣುಪು ಆ ಇಡೀ ಕೋಶಗಳದ್ದು. ಬ್ಲೇಡು ಅವನ್ನು ಸೀಳಿದರೆ ಪಿಷ್ಟ ಹೊರಬಂದು ಹೂರಣ ಅಂಟಂಟಾಗುತ್ತದೆ. ಅಂಟಾದ ಹೂರಣ ಏಣು ಹಿಡಿಯುವುದಿಲ್ಲ.

ಒಂದು ಕಿಲೋ ಒಣ ಅಜುಕಿಗೆ ಸುಮಾರು 1.6ರಿಂದ 1.8 ಕಿಲೋ ಹಸಿ ಹೂರಣ ಸಿಗುತ್ತದೆ. ಸಾಧಾರಣ ಹೂರಣಕ್ಕೆ ಹಸಿ ಹೂರಣದ ತೂಕದ ಶೇಕಡಾ 60ರಿಂದ 65ರಷ್ಟು ಸಕ್ಕರೆ. ಬಾಳಿಕೆ ಬೇಕಾದ ಸಿಹಿಗಳಿಗೆ ಇದು 80, 90, ನೂರರವರೆಗೂ ಏರುತ್ತದೆ. ತಾಮ್ರದ ಕಡಾಯಿಯಲ್ಲಿ ಜೋರು ಉರಿಯಲ್ಲಿ ಮರದ ಹುಟ್ಟಿನಿಂದ ತಳ ಹತ್ತದಂತೆ ತಿರುವಿ, ಹುಟ್ಟಿನಿಂದ ಬೀಳಿಸಿದ ಗುಡ್ಡೆ ಹಾಗೇ ನಿಂತಾಗ ಇಳಿಸುತ್ತಾರೆ. ನಿಧಾನ ಉರಿಯಲ್ಲಿ ಎಳೆದಾಡಿದರೆ ಬಣ್ಣ ಕಪ್ಪಾಗಿ ಹೊಳಪು ಸಾಯುತ್ತದೆ. ಇಳಿಸಿದ್ದನ್ನು ಒಂದೇ ರಾಶಿ ಮಾಡದೆ ಸಣ್ಣಸಣ್ಣ ಗುಡ್ಡೆ ಹಾಕಿ ಆರಿಸಬೇಕು. ರಾಶಿಯ ನಡುವಿನ ಬಿಸಿ ಹೋಗದಿದ್ದರೆ ಅಲ್ಲಿಂದಲೇ ಹಳಸುತ್ತದೆ.

ಈ ಲೆಕ್ಕದಲ್ಲೇ ಪ್ರಕರಣದ ಒಂದು ಭಾಗ ಬಯಲಾಗುತ್ತದೆ. ಒಂದು ಕಿಲೋ ಕಾಳಿಗೆ 1.7 ಕಿಲೋ ಹಸಿ ಹೂರಣ ಎಂದಿಟ್ಟುಕೊಂಡರೆ, ಅದರ ಶೇಕಡಾ 65 ಅಂದರೆ 1.1 ಕಿಲೋ ಸಕ್ಕರೆ. ಮೋಚಿಯಲ್ಲಿರುವುದು ಇದಕ್ಕೆ ಹೊರತು. ಹಾಗಾಗಿ ಇಂಥ ತಿನಿಸಿನಲ್ಲಿ ತೂಕಕ್ಕೆ ಮೊದಲು ಬರುವುದು ಸಕ್ಕರೆ, ಆಮೇಲೆ ಅಜುಕಿ, ಆಮೇಲೆ ಅಂಟಕ್ಕಿ. ಜಪಾನಿನ ಕಾನೂನಿನಂತೆ ಲೇಬಲ್‌ನಲ್ಲಿ ಪದಾರ್ಥಗಳನ್ನು ತೂಕದ ಇಳಿಕ್ರಮದಲ್ಲಿ ಬರೆಯಬೇಕು. ಅಕಾಫುಕುವಿನ ಪೆಟ್ಟಿಗೆ ಮೇಲೆ ಇದ್ದದ್ದು ಅಜುಕಿ, ಅಂಟಕ್ಕಿ, ಸಕ್ಕರೆ ಎಂದು. ಸಕ್ಕರೆಯನ್ನು ಕೊನೆಗೆ ತಳ್ಳಿದ ಈ ತಪ್ಪಿಗೆ ಸಚಿವಾಲಯ ದಿನಾಂಕದ ಜೊತೆಗೇ ಆಕ್ಷೇಪ ಎತ್ತಿತು. ತಾರೀಖಿನ ಗದ್ದಲದಲ್ಲಿ ಇದು ಮರೆತುಹೋಯಿತು, ಆದರೆ ನಮ್ಮ ದೃಷ್ಟಿಯಲ್ಲಿ ಇದು ಚಿಕ್ಕದಲ್ಲ. ಕಸುಬು ಬಲ್ಲ ಯಾರೇ ಆದರೂ ಒಂದು ನಿಮಿಷ ಲೆಕ್ಕ ಹಾಕಿದ್ದರೆ ಲೇಬಲ್ ಸುಳ್ಳೆಂದು ತಿಳಿಯುತ್ತಿತ್ತು.

ಮೋಚಿ ಯಾಕೆ ಕಾಯುವುದಿಲ್ಲ

ಅಂಟಕ್ಕಿಯನ್ನು ತೊಳೆದು ರಾತ್ರಿಯಿಡೀ ನೆನೆಸಿ, ನೀರು ಬಸಿದು, ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು ಹಬೆಯಲ್ಲಿ ಬೇಯಿಸಿ, ಬಿಸಿಯಿದ್ದಾಗಲೇ ಕುಟ್ಟಿದರೆ ಮೋಚಿ. ಕುಟ್ಟಿದ ಗಳಿಗೆಯಲ್ಲಿ ಅದು ಮೆತ್ತಗೆ, ಎಳೆದಷ್ಟೂ ಬರುತ್ತದೆ. ಬಿಸಿ ಆರುತ್ತಿದ್ದಂತೆ, ಅರಳಿದ್ದ ಪಿಷ್ಟದ ಎಳೆಗಳು ಮತ್ತೆ ಒತ್ತಾಗಿ ಕೂಡಿಕೊಳ್ಳತೊಡಗುತ್ತವೆ, ಮೋಚಿ ಬಿರುಸಾಗುತ್ತದೆ. ಇದು ಅತಿ ವೇಗವಾಗಿ ನಡೆಯುವುದು 0ರಿಂದ 5 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಮನೆಯ ಫ್ರಿಜ್ಜಿನಲ್ಲಿ. ಫ್ರಿಜ್ಜಿನಲ್ಲಿಟ್ಟ ಮೋಚಿ ಹೊರಗಿಟ್ಟದ್ದಕ್ಕಿಂತ ಬೇಗ ಕಲ್ಲಾಗುವುದು ಇದಕ್ಕೇ.

ತಡೆಯುವ ದಾರಿಗಳಿವೆ. ಕುಟ್ಟುವಾಗ ಸಕ್ಕರೆಯನ್ನು ಎರಡು ಮೂರು ಕಂತಿನಲ್ಲಿ ಸೇರಿಸಿದರೆ ಅದು ನೀರನ್ನು ಹಿಡಿದಿಟ್ಟು ಮೆದುತನ ಉಳಿಸುತ್ತದೆ. ಒಮ್ಮೆಗೇ ಸುರಿದರೆ ಮೋಚಿ ನೀರಾಗಿ ಜಾರುತ್ತದೆ. ಸೋಯಾದಿಂದ ತೆಗೆದ, ಪಿಷ್ಟವನ್ನು ತುಸು ಒಡೆಯುವ ಕಿಣ್ವವನ್ನೂ ಈ ಕಸುಬಿನಲ್ಲಿ ಬಳಸುತ್ತಾರೆ. ಆದರೆ ಸಕ್ಕರೆ ಒಂದು ಹದ ಮೀರಿದರೆ ಮೋಚಿಯ ಜಗಿತ ಹೋಗಿ ಅದು ಬೇರೆಯೇ ಸಿಹಿಯಾಗುತ್ತದೆ. ಅಕಾಫುಕು ಆ ಗಡಿಯ ಈಚೆಗೆ ನಿಂತಿತು. ಅದರ ಬಾಳಿಕೆ, ತಯಾರಾದ ದಿನವನ್ನೂ ಸೇರಿಸಿ, ಬೇಸಿಗೆಯಲ್ಲಿ ಎರಡು ದಿನ, ಚಳಿಗಾಲದಲ್ಲಿ ಮೂರು ದಿನ.

ಇನ್ನು ಫ್ರೀಜರ್. ಮೋಚಿಯನ್ನು ಮೈನಸ್ 18 ಡಿಗ್ರಿ ಅಥವಾ ಅದಕ್ಕೂ ಕೆಳಕ್ಕೆ ಬೇಗ ಇಳಿಸಿದರೆ, ಬಿರುಸಾಗುವ ಆ ಅಪಾಯದ ವಲಯವನ್ನು ಅದು ಕ್ಷಣದಲ್ಲಿ ದಾಟಿಬಿಡುತ್ತದೆ. ನೀರು ಅಲುಗದೆ ನಿಂತ ಮೇಲೆ ಪಿಷ್ಟವೂ ಅಲುಗುವುದಿಲ್ಲ. ವಾಪಸು ಬರುವಾಗಲೂ ಅಷ್ಟೇ ಬೇಗ ವಲಯ ದಾಟಿಸಿದರೆ, ಮೋಚಿ ಅಂದೇ ಕುಟ್ಟಿದಂತೆ ಇರುತ್ತದೆ. ಗ್ರಾಹಕರು ದಶಕಗಳ ಕಾಲ ಏನನ್ನೂ ಕಂಡುಹಿಡಿಯದಿದ್ದುದು ಅವರ ನಾಲಿಗೆಯ ಸೋಲಲ್ಲ. ತಂತ್ರ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಸರಿಯಾಗಿ ಫ್ರೀಜ್ ಮಾಡಿದ ಮೋಚಿ ಕಳಪೆಯೂ ಅಲ್ಲ, ಕಾನೂನುಬಾಹಿರವೂ ಅಲ್ಲ. ಜಪಾನಿನಲ್ಲಿ ಎಷ್ಟೋ ಅಂಗಡಿಗಳು ಹಾಗೆಂದು ಹೇಳಿಯೇ ಮಾರುತ್ತವೆ.

ಕಾರ್ಖಾನೆಯೊಳಗೆ ನಡೆದದ್ದು

ಅಕಾಫುಕು ಮಾತ್ರ ಹಾಗೆಂದು ಹೇಳಲಿಲ್ಲ. ಅಂದು ಮಾಡಿದ್ದನ್ನು ಅಂದೇ ಮಾರುತ್ತೇವೆ ಎಂಬುದು ಅದರ ಹೆಮ್ಮೆಯ ಮಾತಾಗಿತ್ತು. ಒಳಗೆ ಮೂರು ಬಗೆಯ ಕೆಲಸ ನಡೆಯುತ್ತಿತ್ತು, ಮೂರನ್ನೂ ಬೇರೆಬೇರೆಯಾಗಿಯೇ ನೋಡಬೇಕು.

ಮೊದಲನೆಯದು, ಕಾರ್ಖಾನೆ ಬಿಟ್ಟು ಹೋಗದೆ ಉಳಿದ ಪೆಟ್ಟಿಗೆಗಳು. ಅವನ್ನು ಫ್ರೀಜ್ ಮಾಡಿ, ಬೇಕಾದ ದಿನ ಕರಗಿಸಿ, ಹೊರಕಾಗದ ಬಿಚ್ಚಿ, ಕರಗಿಸಿದ ದಿನವನ್ನೇ ತಯಾರಿಕಾ ದಿನವೆಂದು ಒತ್ತಿದ ಹೊಸ ಕಾಗದ ಸುತ್ತುತ್ತಿದ್ದರು. ಒಳಗಿನವರ ಮಾತಿನಲ್ಲಿ ಇದು ಮಕಿನಾಓಷಿ, ಅಂದರೆ ಮರುಸುತ್ತುವುದು. 60 ಲಕ್ಷ ಚಿಲ್ಲರೆ ಪೆಟ್ಟಿಗೆಗಳ ಪ್ರಕರಣ ತೆರೆದುಕೊಂಡಿದ್ದು ಇಲ್ಲಿಂದ. ಕಂಪನಿ ಮೊದಲಿಗೆ ಒಪ್ಪಿಕೊಂಡದ್ದೂ ಇಷ್ಟನ್ನೇ.

ಎರಡನೆಯದು ವಾರ ಕಳೆಯುವುದರೊಳಗೆ ಹೊರಬಂತು: ಅಂಗಡಿಗಳಲ್ಲಿ ಮಾರಾಟವಾಗದೆ ಹಿಂದಿರುಗಿದ ಪೆಟ್ಟಿಗೆಗಳಿಗೂ ಹೊಸ ತಾರೀಖು ಬೀಳುತ್ತಿತ್ತು. ಕಂಪನಿ ಮೊದಲು ಇದನ್ನು ಅಲ್ಲಗಳೆದಿತ್ತು. ಆಹಾರ ಸುರಕ್ಷತೆಯ ದೃಷ್ಟಿಯಿಂದ ಮೊದಲನೆಯದಕ್ಕೂ ಇದಕ್ಕೂ ಅಜಗಜಾಂತರ. ಕಾರ್ಖಾನೆಯಲ್ಲೇ ಉಳಿದ ಪೆಟ್ಟಿಗೆಗೆ ಹೊರಗಿನ ಬಿಸಿ ತಾಗಿರುವುದಿಲ್ಲ. ರೈಲುನಿಲ್ದಾಣದ ಕಟ್ಟೆಯ ಮೇಲೆ ಇಡೀ ದಿನ ಕೂತು ಬಂದ ಪೆಟ್ಟಿಗೆಯಲ್ಲಿ ಸೂಕ್ಷ್ಮಾಣುಗಳು ಆಗಲೇ ಹೆಚ್ಚಲು ಶುರುವಾಗಿರುತ್ತವೆ. ಫ್ರೀಜರ್ ಅವನ್ನು ಕೊಲ್ಲುವುದಿಲ್ಲ, ನಿಲ್ಲಿಸಿಡುತ್ತದೆ ಅಷ್ಟೇ; ಕರಗಿದೊಡನೆ ಅವು ಬಿಟ್ಟಲ್ಲಿಂದ ಮುಂದುವರಿಯುತ್ತವೆ. ಬಾಳಿಕೆಯ ಎರಡು ದಿನದಲ್ಲಿ ಒಂದು ಆಗಲೇ ಖರ್ಚಾಗಿರುತ್ತದೆ, ಕೊಂಡವರಿಗೆ ಮಾತ್ರ ಪೂರ್ತಿ ಎರಡು ದಿನ ಎಂದು ಬರೆದಿರುತ್ತದೆ.

ಮೂರನೆಯದು, ಹಿಂದಿರುಗಿದ ಸಿಹಿಯಿಂದ ಮೋಚಿ ಮತ್ತು ಹೂರಣವನ್ನು ಬಿಡಿಸುವುದು. ಬಿಡಿಸಿದ ಮೋಚಿ ಹೊಸ ಮೋಚಿಯೊಳಗೆ ಸೇರುತ್ತಿತ್ತು, ಹೂರಣ ಮರುಬಳಕೆಗೂ ಸಂಬಂಧಪಟ್ಟ ಸಿಹಿ ಕಂಪನಿಗೂ ಹೋಗುತ್ತಿತ್ತು. ಇಷ್ಟಾದ ಮೇಲೆ ಯಾವ ಕಂತಿನಲ್ಲಿ ಯಾವ ದಿನದ ಪದಾರ್ಥವಿದೆ ಎಂದು ಯಾರಿಗೂ ಹೇಳಲು ಬರುವುದಿಲ್ಲ. ಒಂದು ಕಂತು ಕೆಟ್ಟಿತು ಅಂದುಕೊಳ್ಳಿ, ಯಾವ ಪೆಟ್ಟಿಗೆಗಳನ್ನು ವಾಪಸು ತರಿಸಬೇಕು? ಮೂರರಲ್ಲಿ ಹೆಚ್ಚು ಕಳವಳ ಹುಟ್ಟಿಸುವುದು ಇದೇ.

ಪದ್ಧತಿಯ ಬೇರು 1973ರಷ್ಟು ಹಿಂದಕ್ಕೆ ಹೋಗುತ್ತದೆ ಎಂದು ತನಿಖೆಯಲ್ಲಿ ತಿಳಿಯಿತು. ಅಂದರೆ 34 ವರ್ಷ. ಕೆಲಸಕ್ಕೆ ಸೇರಿದವರು ಇದನ್ನೇ ಕೆಲಸವೆಂದು ಕಲಿತು, ಇದರಲ್ಲೇ ನಿವೃತ್ತರಾಗುವಷ್ಟು ಕಾಲ ಅದು.

ಶೇಕಡಾ 18 ಎಲ್ಲಿಂದ ಬಂತು

ಕೊಟ್ಟ ಅಂಕಿಗಳನ್ನೇ ಬಿಡಿಸಿ ನೋಡೋಣ. 60.5 ಲಕ್ಷ ಪೆಟ್ಟಿಗೆ ಶೇಕಡಾ 18 ಆದರೆ ಮೂರು ವರ್ಷದ ಒಟ್ಟು ಸುಮಾರು 3.36 ಕೋಟಿ. ದಿನಕ್ಕೆ ಸರಾಸರಿ 30,000ದ ಆಸುಪಾಸು ಪೆಟ್ಟಿಗೆ, ಅದರಲ್ಲಿ 5,500ರಷ್ಟು ಮರುಸುತ್ತಿದವು. ಇದು ಆಗೊಮ್ಮೆ ಈಗೊಮ್ಮೆ ಉಳಿದದ್ದನ್ನು ತೀರಿಸಿದ ಲೆಕ್ಕವಲ್ಲ. ಅಷ್ಟು ಪೆಟ್ಟಿಗೆ ದಿನಾ ಬಿಚ್ಚಿ ಸುತ್ತಬೇಕಾದರೆ ಅದಕ್ಕೆಂದೇ ಜಾಗ, ಜನ, ಪಾಳಿ ಬೇಕು.

ಯಾತ್ರಾಸ್ಥಳದ ಬೇಡಿಕೆ ಒಂದೇ ಸಮನಿರುವುದಿಲ್ಲ. ಹೊಸ ವರ್ಷದ ಮೊದಲ ದಿನಗಳು, ಏಪ್ರಿಲ್ ಕೊನೆ ಮತ್ತು ಮೇ ಮೊದಲ ವಾರದ ಸಾಲುರಜೆ, ಆಗಸ್ಟಿನ ಪಿತೃಹಬ್ಬ, ಇವಕ್ಕೆ ಜನ ಮುಗಿಬೀಳುತ್ತಾರೆ. ನಡುವೆ ಮಳೆ ಬಂದ ಮಂಗಳವಾರ ಬೀದಿ ಖಾಲಿ. ಇಸೆಯ ಅಂಗಡಿಯೊಂದೇ ಆಗಿದ್ದರೆ ಬೆಳಿಗ್ಗೆ ಜನ ನೋಡಿ ಮಧ್ಯಾಹ್ನದ ಕಡಾಯಿ ಇಡಬಹುದು. ಆದರೆ ಅಕಾಫುಕು ಆ ಹೊತ್ತಿಗೆ ನಗೊಯಾ, ಒಸಾಕಾಗಳ ನಿಲ್ದಾಣ ಮತ್ತು ದೊಡ್ಡ ಅಂಗಡಿಗಳಲ್ಲಿ ಸಿಗುವ ಉಡುಗೊರೆಯಾಗಿತ್ತು. ಅಲ್ಲಿಗೆ ಹೋಗುವ ಪೆಟ್ಟಿಗೆಯ ಸಂಖ್ಯೆಯನ್ನು ಹಿಂದಿನ ದಿನವೇ ಊಹಿಸಬೇಕು. ಕಡಿಮೆ ಊಹಿಸಿದರೆ ಸಂಜೆ ಕಟ್ಟೆ ಬರಿದಾಗಿ ಅಂಗಡಿಯವನ ಬೇಸರ; ಹೆಚ್ಚು ಊಹಿಸಿದರೆ ಉಳಿದದ್ದು ನಷ್ಟ. ಈ ಎರಡು ಭಯ ಸಮತೂಕದಲ್ಲಿದ್ದಾಗ ಊಹೆ ಹದದಲ್ಲಿರುತ್ತದೆ. ಉಳಿದದ್ದನ್ನು ಫ್ರೀಜರ್‌ಗೆ ಹಾಕಿ ಹೊಸ ತಾರೀಖು ಕೊಡಬಹುದು ಎಂದಾದ ದಿನ ಎರಡನೇ ಭಯ ಹೋಯಿತು. ಆಮೇಲೆ ದಿನಾ ಹೆಚ್ಚೇ ಮಾಡುವುದು ಜಾಣತನವಾಗಿ ಕಂಡಿರುತ್ತದೆ. ಶೇಕಡಾ 18ನ್ನು ನಾವು ಹೀಗೆ ಓದುತ್ತೇವೆ: ಊಹೆಗೆ ಬೆಲೆ ತೆರುವುದು ತಪ್ಪಿದಾಗ ಊಹೆ ಎಷ್ಟು ಉಬ್ಬುತ್ತದೆ ಎನ್ನುವ ಅಳತೆ ಅದು.

ಕಾನೂನಿನ ಸಡಿಲವೂ ಇದರಲ್ಲಿ ಪಾಲುದಾರ. ಜಪಾನಿನಲ್ಲಿ 1995ರಿಂದ ತಯಾರಿಕಾ ದಿನದ ಬದಲು ಎಲ್ಲಿಯವರೆಗೆ ತಿನ್ನಬಹುದು ಎಂಬ ದಿನಾಂಕವೇ ಮುಖ್ಯವಾಯಿತು. ಬೇಗ ಕೆಡುವ, ಸುಮಾರು ಐದು ದಿನದೊಳಗಿನ ತಿನಿಸುಗಳಿಗೆ ಒಂದು ಬಗೆಯ ಗಡುವು, ಹೆಚ್ಚು ದಿನ ಇರುವವಕ್ಕೆ ರುಚಿ ಕೆಡದ ಗಡುವು. ತಯಾರಿಕಾ ದಿನವನ್ನು ಬರೆಯಲೇಬೇಕೆಂದಿಲ್ಲ, ಬರೆದರೆ ನಿಜ ಬರೆಯಬೇಕು. ಅಕಾಫುಕು ಬರೆಯುತ್ತಿತ್ತು, ಯಾಕೆಂದರೆ ಆ ತಾರೀಖೇ ಅದರ ಮಾರಾಟದ ಬಲ. ಕರಗಿಸಿದ ದಿನವೇ ತಯಾರಾದ ದಿನ ಎಂದು ತಾನು ತಿಳಿದಿದ್ದಾಗಿ ಕಂಪನಿ ಹೇಳಿತು. ಸಚಿವಾಲಯ ಒಪ್ಪಲಿಲ್ಲ. ಒಮ್ಮೆ ಪೆಟ್ಟಿಗೆಗೆ ಬಿದ್ದು ಕಾಗದ ಸುತ್ತಿದ ಮೇಲೆ ತಿನಿಸು ತಯಾರಾಗಿ ಮುಗಿದಿದೆ.

ಅದೇ ದಾರಿಯ ಬೇರೆ ಮೋಚಿಗಳು

ಇಸೆಗೆ ಹೋಗುವ ಹಳೆಯ ಯಾತ್ರಾದಾರಿಯುದ್ದಕ್ಕೂ ಮೋಚಿಯ ಅಂಗಡಿಗಳಿವೆ. ಬಾಳಿಕೆಯ ಪ್ರಶ್ನೆಗೆ ಒಂದೊಂದೂ ಕೊಟ್ಟ ಉತ್ತರ ಬೇರೆ.

ಯೊಕ್ಕಾಇಚಿಯ ನಾಗಾಮೋಚಿ 1550ರಷ್ಟು ಹಳೆಯದು. ಒಳಗೆ ಹೂರಣ ತುಂಬಿ, ನಾಲಿಗೆಯಂತೆ ಉದ್ದಕ್ಕೆ ಚಪ್ಪಟೆ ಮಾಡಿ, ಎರಡೂ ಕಡೆ ಬೇಯಿಸುತ್ತಾರೆ. ಬೆಂದ ಮೇಲ್ಪದರ ಒಣಗಿ ಕೈಗೆ ಅಂಟುವುದಿಲ್ಲ. ಹೂರಣ ಒಳಗೆ ಮುಚ್ಚಿಕೊಂಡಿರುವುದರಿಂದ ಗಾಳಿ ತಾಗುವುದಿಲ್ಲ. ಅಕಾಫುಕುವಿನಲ್ಲಿ ಇದು ತಿರುವುಮುರುವು: ತೇವವಿರುವ ಹೂರಣವೇ ಹೊರಮೈ. ಅದರ ಚೆಂದವೂ ಅಲ್ಲೇ, ದೌರ್ಬಲ್ಯವೂ ಅಲ್ಲೇ.

ಕಾಮೆಯಾಮಾದ ಸೆಕಿ ಎಂಬ ಹಳೆಯ ತಂಗುದಾಣದ ಸೆಕಿನೊತೊ 17ನೇ ಶತಮಾನದ ಮೊದಲರ್ಧದ್ದು. ನುಣುಪು ಹೂರಣದ ಪುಟ್ಟ ಉಂಡೆಗೆ, ಸಕ್ಕರೆ ಹೇರಳವಾಗಿ ಸೇರಿಸಿ ಬೇಯಿಸಿದ ಮೋಚಿಯ ಹೊದಿಕೆ, ಮೇಲೆ ವಾಸಾಂಬೊನ್ ಎಂಬ ನಯವಾದ ಸಕ್ಕರೆಪುಡಿ. ಮೋಚಿಯ ಜಗಿತವನ್ನು ಬಿಟ್ಟುಕೊಟ್ಟು ಬಾಳಿಕೆ ಪಡೆದ ಸಿಹಿ ಇದು. ಚೀಲದಲ್ಲಿಟ್ಟು ದಿನಗಟ್ಟಲೆ ನಡೆದು ಊರಿಗೆ ಒಯ್ಯಬಹುದಿತ್ತು.

ಇಸೆಯೊಳಗೇ 1775ರ ಹೆಂಬಾಮೋಚಿ ಇದೆ. ಸಾಧಾರಣ ಅಕ್ಕಿಹಿಟ್ಟಿನ ಹೊದಿಕೆ, ಒಳಗೆ ಹೂರಣ, ಎರಡೂ ಮುಖಕ್ಕೆ ಕಂದು ಬಣ್ಣ ಬರುವ ಹಾಗೆ ಸುಟ್ಟದ್ದು. ಯಾತ್ರಿಕರು ಬಾಡಿಗೆ ಕುದುರೆಯಿಂದ ಇಳಿದು ಅದನ್ನು ಹಿಂದಕ್ಕೆ ಕಳಿಸುತ್ತಿದ್ದ ಜಾಗದಲ್ಲಿ ಹುಟ್ಟಿದ ತಿನಿಸು. ದೋಣಿಯಲ್ಲಿ ಬರುವವರು ಇಳಿಯುತ್ತಿದ್ದ ಕಟ್ಟೆಯ ಬಳಿ ನಿಕೆಂಜಾಯಾ ಮೋಚಿ, 1575ರಿಂದ. ಹೂರಣ ತುಂಬಿದ ಮೋಚಿಯ ಮೇಲೆ ಹುರಿದ ಸೋಯಾ ಹಿಟ್ಟು.

ದಿನಾಂಕದ ಪಿಡುಗು ಅಕಾಫುಕುವಿಗೆ ಮಾತ್ರ ಅಂಟಿದ್ದೂ ಅಲ್ಲ. ಪಕ್ಕದ ಫುತಾಮಿಯಲ್ಲಿ ಇದನ್ನೇ ಹೋಲುವ ಒಫುಕು ಮೋಚಿಯ ಹಳೆಯ ಅಂಗಡಿಯೂ ಅದೇ ಶರತ್ಕಾಲದಲ್ಲಿ ಇಂಥದೇ ತಪ್ಪು ಒಪ್ಪಿಕೊಂಡಿತು. ಹೊಕ್ಕೈದೊದ ಹೆಸರಾಂತ ಶಿರೋಯಿ ಕೊಯಿಬಿತೊ ಬಿಸ್ಕತ್ತಿನ ದಿನಾಂಕ ತಿದ್ದಿದ್ದು ಆಗಸ್ಟಿನಲ್ಲೇ ಬಯಲಾಗಿತ್ತು. ಆ ವರ್ಷವನ್ನು ಬಣ್ಣಿಸಲು ಜಪಾನಿನಲ್ಲಿ ಜನರ ಮತದಿಂದ ಆಯ್ಕೆಯಾದ ಅಕ್ಷರ 'ನಕಲಿ' ಎಂಬುದು.

ಸರಿಪಡಿಸಿದ ಬಗೆ

ಅಂಗಡಿ ಮೂರು ತಿಂಗಳಿಗೂ ಹೆಚ್ಚು ಕಾಲ ಮುಚ್ಚಿತ್ತು. ಆ ಮನೆತನದ ಹಿರಿಯರು ಅಧ್ಯಕ್ಷ ಸ್ಥಾನ ಬಿಟ್ಟರು. 2008ರ ಜನವರಿ 30ಕ್ಕೆ ನಿಷೇಧ ತೆರವಾಗಿ, ಫೆಬ್ರುವರಿ 6ರಂದು ಇಸೆಯ ಮೂರು ಸ್ವಂತ ಅಂಗಡಿಗಳಲ್ಲಿ ಮಾತ್ರ ಮಾರಾಟ ಶುರುವಾಯಿತು. ನಗೊಯಾ, ಒಸಾಕಾಗಳಿಗೆ ಹೋದದ್ದು ಆಮೇಲೆ, ಹಂತಹಂತವಾಗಿ.

ಹಳೆಯ ಕ್ರಮದಿಂದ ಕಿತ್ತುಹಾಕಿದ್ದು ಮುಖ್ಯವಾಗಿ ಎರಡು: ಫ್ರೀಜ್ ಮಾಡುವುದು, ಹಿಂದಿರುಗಿದ್ದನ್ನು ಮತ್ತೆ ಬಳಸುವುದು. ಉಳಿದದ್ದನ್ನು ನಾಶಮಾಡುವುದೇ ನಿಯಮವಾಯಿತು. ಕೇಳಲು ಇದು ಪೋಲು ಅನ್ನಿಸುತ್ತದೆ. ಅನ್ನವನ್ನು ಚೆಲ್ಲುವುದು ಯಾರಿಗೂ ಹಿತವಲ್ಲ, ಮೂಲದಲ್ಲಿ ಈ ಪದ್ಧತಿ ಶುರುವಾಗಿದ್ದೂ ಬಹುಶಃ ಅದೇ ಸಂಕಟದಿಂದ. ಆದರೆ ಚೆಲ್ಲುವ ನೋವು ಕಣ್ಣಿಗೆ ಕಾಣುವಂತಿದ್ದರೆ ಮಾತ್ರ ಮರುದಿನ ಕಡಾಯಿಗೆ ಹಾಕುವ ಅಜುಕಿ ಕಡಿಮೆಯಾಗುತ್ತದೆ. ಬೇರೆ ದಾರಿಯೂ ಇತ್ತು: ಫ್ರೀಜ್ ಮಾಡಿದ್ದೇವೆ ಎಂದು ಪೆಟ್ಟಿಗೆ ಮೇಲೆ ಬರೆದು ಬೇರೆ ಹೆಸರಿನಲ್ಲಿ ಮಾರುವುದು. ತಂತ್ರದ ದೃಷ್ಟಿಯಿಂದ ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಅಂದು ಮಾಡಿದ್ದು ಅಂದೇ ಎಂಬ ಮಾತನ್ನು ಉಳಿಸಿಕೊಳ್ಳಲು ಕಂಪನಿ ಆ ದಾರಿ ಹಿಡಿಯಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಅದು ಸರಿಯಾದ ಆಯ್ಕೆ, ಯಾಕೆಂದರೆ ಹೊರಗೆ ಹೂರಣ ಹೊದ್ದ ಈ ಮೋಚಿ ಕರಗುವಾಗ ಮೇಲೆ ಬೆವರು ಕೂತು ಏಣುಗಳ ಅಂಚು ಮಾಸುತ್ತದೆ, ಆ ಏಣುಗಳೇ ಇದರ ಗುರುತು.

ಮುಂಗಡ ಲೆಕ್ಕಕ್ಕೆ ಒಳ್ಳೆಯ ಮಾದರಿ ಅವರ ಮನೆಯಲ್ಲೇ ಇತ್ತು. 1978ರಿಂದ ಅಕಾಫುಕು ಪ್ರತಿ ತಿಂಗಳ ಒಂದನೇ ತಾರೀಖಿಗೆ, ಜನವರಿ ಬಿಟ್ಟು, ಒಂದು ವಿಶೇಷ ಸಿಹಿ ಮಾಡುತ್ತದೆ: ಏಪ್ರಿಲ್‌ಗೆ ಚೆರ್ರಿ ಎಲೆಯ ಸಾಕುರಾಮೋಚಿ, ಮೇಗೆ ಓಕ್ ಎಲೆಯಲ್ಲಿ ಸುತ್ತಿದ್ದು, ಜುಲೈಗೆ ಬಿದಿರಿನ ಕೊಳವೆಯಲ್ಲಿ ಹಾಕಿದ ಯೋಕಾನ್ ಎಂಬ ತೆಳುವಾದ ಹೂರಣದ ಜೆಲ್ಲಿ, ಆಗಸ್ಟಿಗೆ ನವಣೆ ಜಾತಿಯ ಧಾನ್ಯದ ಮೋಚಿ, ಅಕ್ಟೋಬರ್‌ಗೆ ಚೆಸ್ಟ್‌ನಟ್. ಆ ದಿನ ನಸುಕಿನಲ್ಲೇ ಇಸೆಯಲ್ಲಿ ಸಾಲು ನಿಲ್ಲುತ್ತದೆ. ಬೇರೆ ಊರಿನವರು ಮೊದಲೇ ಹೇಳಿಟ್ಟು ಕೊಳ್ಳುತ್ತಾರೆ. ಎಷ್ಟು ಬೇಕೆಂದು ಮೊದಲೇ ಗೊತ್ತು, ಮುಗಿದರೆ ಮುಗಿಯಿತು ಎನ್ನುವುದನ್ನು ಗಿರಾಕಿಯೂ ಒಪ್ಪಿರುತ್ತಾರೆ.

ಪೆಟ್ಟಿಗೆ ಕೊಳ್ಳುವವರಿಗೆ ಇಷ್ಟು ಸಾಕು. ಕೊನೆಯ ದಿನಾಂಕ ನೋಡಿ, ಬಿಸಿಲು ತಾಗದ ಜಾಗದಲ್ಲಿ ಇಡಿ, ಫ್ರಿಜ್ಜಿಗೆ ಹಾಕಬೇಡಿ. ಓರೆ ಮಾಡಿ ಚೀಲಕ್ಕೆ ತುರುಕಿದರೆ ಮೋಚಿಗಳು ಒಂದು ಕಡೆ ಜರುಗಿ ಹೂರಣ ಮೆತ್ತಿಕೊಳ್ಳುತ್ತದೆ. ಒಂದೊಂದು ಸುಮಾರು 40 ಗ್ರಾಂ ತೂಗುವುದರಿಂದ ಪೆಟ್ಟಿಗೆ ಕಾಣುವುದಕ್ಕಿಂತ ಭಾರವಿರುತ್ತದೆ. ಜೊತೆಗಿರುವ ಪುಟ್ಟ ಹುಟ್ಟಿನಿಂದ ಅಡಿಗೆ ಕೈಹಾಕಿ ಎತ್ತಬೇಕು, ಮೇಲಿನಿಂದ ಚುಚ್ಚಿದರೆ ಹೂರಣ ಮಾತ್ರ ಬರುತ್ತದೆ.

ಹೊಸ ಕ್ರಮಕ್ಕೆ ದೊಡ್ಡ ಪರೀಕ್ಷೆ ಬಂದದ್ದು 2013ರಲ್ಲಿ. ಇಸೆಯ ದೇವಾಲಯವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟಿ ದೇವರನ್ನು ಅಲ್ಲಿಗೆ ಸಾಗಿಸುತ್ತಾರೆ. ಅದು 62ನೇ ಸಲ. ಆ ವರ್ಷ ಒಳ ಮತ್ತು ಹೊರ ದೇವಾಲಯಗಳಿಗೆ ಬಂದವರು ಸುಮಾರು 1.4 ಕೋಟಿ ಜನ. 2021ರಲ್ಲಿ ಅಂಗಡಿ ಬಿಳಿ ಹೂರಣ ಮತ್ತು ಹಳೆಯ ಕಪ್ಪುಸಕ್ಕರೆ ಹೂರಣದ ಮೋಚಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ತಂದು, ಬಗೆಯಲ್ಲಿ ವಿಸ್ತರಿಸುವ ದಾರಿಯನ್ನೂ ಹಿಡಿದಿದೆ. ಮುಂದಿನ ಸಾಗಣೆ 2033ಕ್ಕೆ. ಅದರ ಮೊದಲ ವಿಧಿಗಳು 2025ರ ಮೇ ತಿಂಗಳಲ್ಲೇ ಶುರುವಾಗಿವೆ, ಮರ ಕಡಿಯುವ ಕೆಲಸಕ್ಕೆ ಈಗಲೇ ಲೆಕ್ಕ ಹಾಕುತ್ತಿದ್ದಾರೆ. ಆ ಜನಸಾಗರಕ್ಕೆ ಬೇಕಾಗುವ ಮೋಚಿಗೆ ಮಾತ್ರ ಮುಂಗಡ ದಾಸ್ತಾನು ಎಂಬುದಿಲ್ಲ. ಅಂಟಕ್ಕಿ ನೆನೆಯುವುದು ಹಿಂದಿನ ರಾತ್ರಿಯೇ.